ಮಗಳ ಕುತೂಹಲಕ್ಕೆ ‘ಬಿ’ ಗ್ರೇಡ್

ದೀಪಾವಳಿ ರಜೆಗೆ ಮುಂಚಿನ ಶನಿವಾರ ಮಗಳ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಮೂರನೇ ತರಗತಿಯ ಮೊದಲ ಅವಧಿಯ ಪ್ರಗತಿ ಪತ್ರ ಕೈಗೆ ಬಂತು. ಇಂಗ್ಲಿಷ್, ಗಣಿತ, ಪರಿಸರ ಎಲ್ಲ ಚೆನ್ನಾಗಿಯೇ ಇತ್ತು. ಕೆಳಗೆ ಇನ್ನೊಂದು ಪಟ್ಟಿ: ಸಹಕಾರ, ಶುಚಿತ್ವ, ಆತ್ಮವಿಶ್ವಾಸ, ಕುತೂಹಲ. ಕುತೂಹಲದ ಮುಂದೆ ‘ಬಿ’. ಪಕ್ಕದಲ್ಲಿ ಒಂದು ಸಾಲಿನ ಷರಾ: ತರಗತಿಯಲ್ಲಿ ಇನ್ನೂ ಹೆಚ್ಚು ಪ್ರಶ್ನೆ ಕೇಳಬೇಕು.

ಹೆಂಡತಿ ನನ್ನ ಮುಖ ನೋಡಿದಳು. “ಏನ್ರಿ ಇದು? ಇಕಿ ಪ್ರಶ್ನೆ ಕೇಳೋದು ಒಂದೀಟು ಕಡಿಮಿ ಆಗ್ಲಿ ಅಂತ ನಾವು ದಿನಾ ಕೈ ಮುಗಿಯಾಕತ್ತೀವಿ,” ಅಂದಳು ಮೆಲ್ಲಗೆ. ಹಿಂದಿನ ರಾತ್ರಿಯಷ್ಟೇ ಮಗಳು ಬಾಗಲಕೋಟೆಯ ಅಜ್ಜಿಗೆ ಫೋನು ಹಚ್ಚಿ, ಜೋಳದ ರೊಟ್ಟಿ ಬೆಂಕಿಯ ಮೇಲೆ ಯಾಕೆ ಉಬ್ಬುತ್ತದೆ, ಒಳಗೆ ಊದುವವರು ಯಾರು, ಅಮ್ಮ ಮಾಡಿದ್ದು ಯಾಕೆ ಉಬ್ಬುವುದಿಲ್ಲ ಎಂದು ಇಪ್ಪತ್ತು ನಿಮಿಷ ವಿಚಾರಣೆ ನಡೆಸಿದ್ದಳು. ಆ ಹುಡುಗಿಗೆ ಕುತೂಹಲದಲ್ಲಿ ಬಿ ಗ್ರೇಡ್.

ಶಿಕ್ಷಕಿಯನ್ನು ಕೇಳಿದೆ. ಒಳ್ಳೆಯ ಹೆಣ್ಣುಮಗಳು, ಸಿಡುಕಲಿಲ್ಲ. “ಸರ್, ತರಗತಿಯಲ್ಲಿ 42 ಮಕ್ಕಳಿದ್ದಾರೆ. ಒಬ್ಬೊಬ್ಬರಿಗೂ 14 ಕಾಲಂ ತುಂಬಬೇಕು. ನಿಮ್ಮ ಮಗಳು ಕೇಳಿದ್ದಕ್ಕೆ ಉತ್ತರ ಕೊಡ್ತಾಳೆ, ತಾನಾಗಿ ಕೈ ಎತ್ತೋದಿಲ್ಲ. ಎ ಹೇಗೆ ಕೊಡಲಿ?” ಅಂದರು. ಆಮೇಲೆ ನಿಜವಾದ ಪ್ರಶ್ನೆಯನ್ನು ಅವರೇ ಕೇಳಿದರು. “ನೀವು ಸಾಫ್ಟ್‌ವೇರ್‌ನವರು. ನೀವಾಗಿದ್ದರೆ ಹೇಗೆ ಅಳೆಯುತ್ತಿದ್ದಿರಿ?”

ನನ್ನ ಬಳಿ ಉತ್ತರ ಇರಲಿಲ್ಲ. ಎಂಟೆಕ್ ಮಾಡಿ ಹನ್ನೆರಡು ವರ್ಷದಿಂದ ಒಂದಲ್ಲ ಒಂದು ವ್ಯವಸ್ಥೆಯ ವೇಗ, ತಾಳಿಕೆ, ದೋಷ ಅಳೆಯುವುದೇ ನನ್ನ ಕೆಲಸ. ಮಗುವಿನ ಕುತೂಹಲ ಅಳೆಯುವುದು ಹೇಗೆ ಎಂದು ಯೋಚಿಸಿದವನಲ್ಲ. ಅವತ್ತಿನಿಂದ ಯೋಚಿಸುತ್ತಿದ್ದೇನೆ. ಹೈದರಾಬಾದಿನಲ್ಲೋ ಚೆನ್ನೈನಲ್ಲೋ ದುಬೈನಲ್ಲೋ ಮಕ್ಕಳನ್ನು ಬೆಳೆಸುತ್ತಿರುವ ನಿಮಗೂ ಇದು ಸಂಬಂಧಪಟ್ಟ ವಿಚಾರ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಶಾಲೆಗಳು ಇಂಥ ಕಾಲಂ ಹಾಕುತ್ತಿರುವುದು ಕೆಟ್ಟ ಉದ್ದೇಶದಿಂದಲ್ಲ. ಬರೀ ಅಂಕಗಳಿಂದ ಮಗುವನ್ನು ನೋಡಬಾರದು ಎಂಬ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಎನ್‌ಸಿಇಆರ್‌ಟಿಯ ಭಾಗವಾದ ‘ಪರಖ್’ ರೂಪಿಸಿದ ಸಮಗ್ರ ಪ್ರಗತಿ ಪತ್ರದಲ್ಲಿ ಶಿಕ್ಷಕರಲ್ಲದೆ ಮಗು, ಸಹಪಾಠಿಗಳು ಮತ್ತು ಪಾಲಕರೂ ಅಭಿಪ್ರಾಯ ಬರೆಯಲು ಜಾಗವಿದೆ. ಆಶಯ ಒಳ್ಳೆಯದೇ. ಅದಕ್ಕೂ ಹಿಂದೆ ಹೋದರೆ ಜಿಜ್ಞಾಸೆಯ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು 1976ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದೇವೆ. ಅದು 51ಎ ವಿಧಿಯಲ್ಲಿದೆ.

ಆದರೆ ಆಶಯ ಕಾಲಂ ಆದಾಗ ಏನಾಗುತ್ತದೆ ಎಂಬುದನ್ನೂ ಒಮ್ಮೆ ನೋಡಿದ್ದೇವೆ. ಸಿಸಿಇ ಎಂದೇ ಹೆಸರಾದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಸಿಬಿಎಸ್‌ಇ 2009ರಲ್ಲಿ ತಂದು 2017ರಲ್ಲಿ ಕೈಬಿಟ್ಟಿತು. ಕರ್ನಾಟಕದ ಶಾಲೆಗಳಲ್ಲೂ ಅದು ನಡೆದಿತ್ತು. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಸೇವೆಯ ಕೊನೆಯ ವರ್ಷಗಳಲ್ಲಿ ಅವರು ರಾತ್ರಿ ಹತ್ತರವರೆಗೆ ಫೈಲು ತುಂಬುತ್ತಿದ್ದದ್ದು ನೆನಪಿದೆ. “ಹುಡುಗೂರ ಬಗ್ಗೆ ಬರಿಯಾಕ ಟೈಮ್ ಐತಿ, ಹುಡುಗೂರನ್ನ ನೋಡಾಕ ಟೈಮ್ ಇಲ್ಲ,” ಅನ್ನುತ್ತಿದ್ದರು. ಒಬ್ಬನ ಷರಾ ಇನ್ನೊಬ್ಬನಿಗೆ, ಈ ವರ್ಷದ್ದು ಮುಂದಿನ ವರ್ಷಕ್ಕೆ ನಕಲಾಗುತ್ತಿತ್ತು. ತಪ್ಪು ಅವರದ್ದೂ ಅಲ್ಲ. ಅಷ್ಟೊಂದು ಮಕ್ಕಳ ಒಳಗನ್ನು ಅಷ್ಟೊಂದು ಕಾಲಂಗಳಲ್ಲಿ ಬರೆಯುವುದು ಯಾರಿಂದಲೂ ಆಗದ ಕೆಲಸ.

ಹಾಗಾದರೆ ಕುತೂಹಲವನ್ನು ಅಳೆಯಲು ಬರುವುದೇ ಇಲ್ಲವೇ? ಮನೋವಿಜ್ಞಾನಿಗಳು ಸುಮಾರು ಎಪ್ಪತ್ತು ವರ್ಷದಿಂದ ಇದರ ಹಿಂದೆ ಬಿದ್ದಿದ್ದಾರೆ. ಸುಲಭದ ದಾರಿ ಪ್ರಶ್ನಾವಳಿ. ‘ಹೊಸದನ್ನು ಕಲಿಯುವುದು ನನಗೆ ಇಷ್ಟ’ ಎಂಬಂಥ ಸಾಲುಗಳಿಗೆ ಹೌದು, ಅಲ್ಲ, ಸ್ವಲ್ಪ ಎಂದು ಗುರುತು ಹಾಕಿಸುವುದು. ಒಇಸಿಡಿ 2019ರಲ್ಲಿ ಜಗತ್ತಿನ ಹತ್ತು ನಗರಗಳ 10 ಮತ್ತು 15 ವರ್ಷದ ಮಕ್ಕಳನ್ನು ಹೀಗೆ ಕೇಳಿತು. ಹದಿನೈದರವರು ಹತ್ತರವರಿಗಿಂತ ತಮಗೆ ಕುತೂಹಲ ಕಡಿಮೆ ಎಂದರು. ಆದರೆ ಇದು ಮಗು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು. ಟೀಚರಿಗೆ ಯಾವ ಉತ್ತರ ಇಷ್ಟವಾಗುತ್ತದೆ ಎಂಬುದು ನಮ್ಮ ಮಕ್ಕಳಿಗೆ ಯುಕೆಜಿಯಲ್ಲೇ ಗೊತ್ತಿರುತ್ತದೆ.

ಇನ್ನೊಂದು ದಾರಿ ಆಟ. ಅಮೆರಿಕದ ಜೇಮೀ ಜಿರೂಟ್ ಮತ್ತು ಡೇವಿಡ್ ಕ್ಲಾರ್ ಎಂಬ ಸಂಶೋಧಕರು ಮಕ್ಕಳನ್ನು ಕಂಪ್ಯೂಟರಿನ ಜಲಾಂತರ್ಗಾಮಿಯಲ್ಲಿ ಕೂರಿಸಿದರು. ಎರಡು ಕಿಟಕಿ. ಯಾವುದರ ಹೊರಗೆ ಯಾವ ಮೀನು ಇರಬಹುದು ಎಂಬ ಸುಳಿವು ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಮಗು ಎಷ್ಟು ಗೊತ್ತಿಲ್ಲದ ಕಿಟಕಿಯನ್ನು ತೆರೆಯಲು ಬಯಸುತ್ತದೆ ಎಂಬುದೇ ಅಳತೆ. ಇದು ಜಾಣತನದ ವಿಧಾನ, ಯಾಕೆಂದರೆ ಇಲ್ಲಿ ಮಾತು ಬೇಕಿಲ್ಲ, ಕೈ ಎತ್ತಬೇಕಿಲ್ಲ. ಆದರೆ ಇದು ಸಂಶೋಧನೆಗೆ ಸರಿ. ಒಂದು ಆಟದ ಫಲಿತಾಂಶದಿಂದ ಒಂದು ಮಗುವಿಗೆ ಗ್ರೇಡ್ ಕೊಡುವುದು, ಒಂದು ದಿನದ ಮಳೆ ನೋಡಿ ಮುಂಗಾರು ಹೇಗಿತ್ತು ಎಂದು ಬರೆದಂತೆ.

ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಮೂರನೆಯ ಬಗೆಯ ಅಧ್ಯಯನ. ಲಂಡನ್ನಿನಲ್ಲಿ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಎಂಬಿಬ್ಬರು ನಾಲ್ಕು ವರ್ಷದ 30 ಹೆಣ್ಣುಮಕ್ಕಳ ಮಾತನ್ನು ಮನೆಯಲ್ಲೂ ಶಿಶುವಿಹಾರದಲ್ಲೂ ಧ್ವನಿಮುದ್ರಿಸಿ, 1984ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮನೆಯಲ್ಲಿ ತಾಯಿಗೆ ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿದ್ದ ಅದೇ ಮಕ್ಕಳು ಶಾಲೆಯಲ್ಲಿ ಶಿಕ್ಷಕಿಗೆ ಕೇಳುತ್ತಿದ್ದದ್ದು ಗಂಟೆಗೆ ಎರಡು. ಮಕ್ಕಳು ಅವೇ, ದಿನವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಕೋಣೆ ಮತ್ತು ಎದುರಿಗಿದ್ದ ದೊಡ್ಡವರು. ಶಾಲೆಯ ಲೆಕ್ಕ ಮಾತ್ರ ನೋಡಿದ್ದರೆ ಅವರಿಗೂ ಬಿ ಗ್ರೇಡೇ ಸಿಗುತ್ತಿತ್ತು.

ಇದನ್ನು ಓದಿದ ಮೇಲೆ ನಾನೂ ಎಣಿಸಿ ನೋಡೋಣ ಎಂದುಕೊಂಡೆ. ಸಾಫ್ಟ್‌ವೇರ್‌ನವನ ಚಟ, ಮೊಬೈಲಿನಲ್ಲಿ ಒಂದು ಶೀಟ್ ತೆರೆದೆ. ದಿನಾಂಕ, ಪ್ರಶ್ನೆ, ಯಾವ ಭಾಷೆ, ನಾನು ಏನು ಉತ್ತರ ಕೊಟ್ಟೆ. ಸೋಮವಾರದಿಂದ ಶುಕ್ರವಾರದವರೆಗೆ, ನಾನು ಮನೆಗೆ ಬಂದಾಗಿನಿಂದ ಅವಳು ಮಲಗುವವರೆಗೆ. ಐದು ಸಂಜೆಗಳಲ್ಲಿ 61 ಪ್ರಶ್ನೆಗಳಾದವು.

ಅದರಲ್ಲಿ 44 ಕನ್ನಡದಲ್ಲಿ. ಹದಿಮೂರು ಕೆಳಗೆ ಆಡುವ ಗೆಳತಿಯರಿಂದ ಬಂದ ಮರಾಠಿ ಹಿಂದಿ ಮಿಶ್ರಣದಲ್ಲಿ. ಇಂಗ್ಲಿಷಿನಲ್ಲಿ ನಾಲ್ಕು, ಅವೂ ಹೋಂವರ್ಕಿನದ್ದು. ಈ ಮೂರು ಸಂಖ್ಯೆ ನೋಡಿದಾಗ ಆ ‘ಬಿ’ ಅರ್ಥವಾಯಿತು. ನನ್ನ ಮಗಳು ಕನ್ನಡದಲ್ಲಿ ಆಶ್ಚರ್ಯಪಡುತ್ತಾಳೆ. ತರಗತಿಯಲ್ಲಿ ಅದನ್ನು ಇಂಗ್ಲಿಷಿನ ವಾಕ್ಯವಾಗಿ ಕಟ್ಟಿ, ಕ್ರಿಯಾಪದ ಸರಿಯಿದೆಯೇ ಎಂದು ನೋಡಿ, ಕೈ ಎತ್ತುವಷ್ಟರಲ್ಲಿ ಪಾಠ ಮುಂದಿನ ಪುಟಕ್ಕೆ ಹೋಗಿರುತ್ತದೆ. ಕೇಳಿದಾಗ ಅವಳೇ ಹೇಳಿದಳು: “ನನಗ ಕೇಳ್ಬೇಕು ಅನಸ್ತೈತಿ ಅಪ್ಪಾ. ಆದ್ರ ತಪ್ಪು ಆತಂದ್ರ ನಗ್ತಾರ.” ಶಾಲೆ ಅಳೆದದ್ದು ಕುತೂಹಲವನ್ನಲ್ಲ, ಇಂಗ್ಲಿಷಿನಲ್ಲಿ ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯವನ್ನು. ಹೊರನಾಡಿನಲ್ಲಿ ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಎಷ್ಟು ಮಕ್ಕಳ ಪ್ರಗತಿ ಪತ್ರದಲ್ಲಿ ಹೀಗೆ ಒಂದರ ಲೆಕ್ಕ ಇನ್ನೊಂದರ ಹೆಸರಿನಲ್ಲಿ ಬಿದ್ದಿದೆಯೋ.

ಶಾಲೆಯನ್ನು ಬೈದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಶೀಟಿನಲ್ಲಿ ಕೊನೆಯ ಕಾಲಂ ಒಂದಿತ್ತು. 61 ಪ್ರಶ್ನೆಗಳಲ್ಲಿ 19ಕ್ಕೆ ನಾನು ಉತ್ತರ ಕೊಟ್ಟಿದ್ದೆ. ಒಂಬತ್ತನ್ನು ಮೊಬೈಲಿಗೆ ಕೇಳು ಎಂದು ತಳ್ಳಿದ್ದೆ. ಆರನ್ನು ಇಬ್ಬರೂ ಸೇರಿ ನೋಡಿದ್ದೆವು. ಉಳಿದ 27ಕ್ಕೆ ನನ್ನ ಉತ್ತರ ಒಂದೇ: “ಆಮೇಲೆ ಹೇಳ್ತೀನಿ ಪುಟ್ಟಿ.” ಆ 27ರಲ್ಲಿ ನಾನು ನಿಜವಾಗಿ ಆಮೇಲೆ ಹೇಳಿದ್ದು ಎರಡು. ಐದೂ ದಿನ ಲ್ಯಾಪ್‌ಟಾಪು ಊಟದ ಮೇಜಿನ ಮೇಲೆಯೇ ಇತ್ತು. ಮಗಳಿಗೆ ಗ್ರೇಡ್ ಕೊಟ್ಟವರು ಶಿಕ್ಷಕಿ. ನನಗೆ ಯಾರಾದರೂ ಕೊಟ್ಟಿದ್ದರೆ ಬಿ ಕೂಡ ಬರುತ್ತಿರಲಿಲ್ಲ.

ಇನ್ನೊಂದು ಪಾಠ ಶನಿವಾರ ಕಲಿತೆ. ಎಣಿಕೆಯನ್ನು ಎರಡು ದಿನ ಮುಂದುವರಿಸುವ ಯೋಚನೆಯಿತ್ತು. ಬೆಳಿಗ್ಗೆ ಅವಳು ನನ್ನ ಮೊಬೈಲಿನಲ್ಲಿ ಆ ಶೀಟ್ ನೋಡಿಬಿಟ್ಟಳು. ಮಧ್ಯಾಹ್ನದಿಂದ ಪ್ರಶ್ನೆಗಳ ಸುರಿಮಳೆ. ಕುರ್ಚಿಗೆ ಯಾಕ ಕುರ್ಚಿ ಅಂತಾರ? ಫ್ಯಾನಿಗೆ ಯಾಕ ಫ್ಯಾನ್ ಅಂತಾರ? ಗೋಡೆಗೆ? ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ. ನಡುನಡುವೆ ಬಂದು, “ಅಪ್ಪಾ, ಇವತ್ತ ಎಷ್ಟಾತು? ನಿನ್ನೆಗಿಂತ ಜಾಸ್ತಿ ಆತಿಲ್ಲೋ?” ಎಂದು ಕೇಳುತ್ತಿದ್ದಳು. ರೊಟ್ಟಿ ಯಾಕೆ ಉಬ್ಬುತ್ತದೆ ಎಂದು ಕೇಳಿದ ಹುಡುಗಿ ಅರ್ಧ ದಿನದಲ್ಲಿ ಸ್ಕೋರು ಕೇಳುವ ಹುಡುಗಿಯಾಗಿದ್ದಳು. ಶೀಟ್ ಅಳಿಸಿಬಿಟ್ಟೆ.

ನಮ್ಮ ಉದ್ಯೋಗದವರಿಗೆ ಇದು ಹೊಸದಲ್ಲ. ಹಿಂದೊಮ್ಮೆ ನಾನಿದ್ದ ತಂಡದಲ್ಲಿ ಯಾರು ಎಷ್ಟು ಟಿಕೆಟ್ ಮುಚ್ಚಿದರು ಎಂಬುದನ್ನು ವಾರ್ಷಿಕ ಮೌಲ್ಯಮಾಪನಕ್ಕೆ ಸೇರಿಸಿದರು. ಎರಡೇ ತಿಂಗಳಲ್ಲಿ ಒಂದು ಸಮಸ್ಯೆ ಮೂರು ಟಿಕೆಟ್ ಆಗತೊಡಗಿತು. ಕಷ್ಟದ ದೋಷಗಳನ್ನು ಮುಟ್ಟುವವರೇ ಇಲ್ಲ. ಡ್ಯಾಶ್‌ಬೋರ್ಡ್ ಹಸಿರಾಗಿತ್ತು, ಗ್ರಾಹಕರು ಕೆಂಪಾಗಿದ್ದರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ ಗುರುತಿಸಿದ ಸಂಗತಿ ಇದೇ: ಒಂದು ಅಳತೆಯನ್ನು ಗುರಿ ಮಾಡಿಕೊಂಡ ಕ್ಷಣದಿಂದ ಅದು ಅಳತೆಯಾಗಿ ಕೆಲಸಕ್ಕೆ ಬರುವುದಿಲ್ಲ. ಟಿಕೆಟ್ಟಿಗೆ ಆದದ್ದು ಮಗುವಿನ ಪ್ರಶ್ನೆಗೂ ಆಗುತ್ತದೆ. ಟಿಕೆಟ್ ಕೆಟ್ಟರೆ ಒಂದು ತ್ರೈಮಾಸಿಕ ಹೋಗುತ್ತದೆ ಅಷ್ಟೇ. ಪ್ರಶ್ನೆ ಕೇಳುವ ಅಭ್ಯಾಸ ಕೆಟ್ಟರೆ ಹೋಗುವುದು ಅದಕ್ಕಿಂತ ದೊಡ್ಡದು.

ಅಳೆಯುವುದೇ ಬೇಡ ಎಂಬುದು ನನ್ನ ವಾದವಲ್ಲ. ಅಳೆಯದ್ದನ್ನು ಯಾರೂ ಗಮನಿಸುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಅಮೆರಿಕದಲ್ಲಿ ಸುಮಾರು 6,200 ಪುಟ್ಟ ಮಕ್ಕಳ ಮಾಹಿತಿಯಿಂದ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುತೂಹಲ ಹೆಚ್ಚಿದ್ದ ಮಕ್ಕಳು ಓದು ಮತ್ತು ಲೆಕ್ಕದಲ್ಲೂ ಮುಂದಿದ್ದರು. ಬಡ ಕುಟುಂಬದ ಮಕ್ಕಳಲ್ಲಿ ಈ ನಂಟು ಇನ್ನೂ ಗಾಢವಾಗಿತ್ತು. ಅಂದರೆ ಕುತೂಹಲ ಉಳ್ಳವರ ಮಕ್ಕಳ ಅಲಂಕಾರವಲ್ಲ, ಇಲ್ಲದವರ ಮಕ್ಕಳಿಗೇ ಅದು ಹೆಚ್ಚು ಬೇಕು. ಆದ್ದರಿಂದ ಶಾಲೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕು. ಅಳತೆ ಯಾರ ಮೇಲೆ ಬೀಳಬೇಕು ಎಂಬುದಷ್ಟೇ ನನ್ನ ತಕರಾರು.

ಎಲಿಜಬೆತ್ ಬೊನವಿಟ್ಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಚಿಕ್ಕ ಮಕ್ಕಳಿಗೆ ಒಂದು ಆಟಿಕೆ ಕೊಟ್ಟರು. ಅದರಲ್ಲಿ ನಾಲ್ಕು ಗುಟ್ಟುಗಳಿದ್ದವು: ಎಳೆದರೆ ಕೀಚಲು ಸದ್ದು, ಒಂದು ದೀಪ, ಒಂದು ಸಂಗೀತ, ಒಂದು ಕನ್ನಡಿ. ಕೆಲವರಿಗೆ ‘ಈ ಆಟಿಕೆ ಹೀಗೆ ಕೆಲಸ ಮಾಡುತ್ತದೆ’ ಎಂದು ಕೀಚಲು ಸದ್ದನ್ನು ಮಾತ್ರ ತೋರಿಸಿಕೊಟ್ಟರು. ಹಾಗೆ ಕಲಿಸಿಕೊಂಡ ಮಕ್ಕಳು ಅದನ್ನೇ ಮತ್ತೆ ಮತ್ತೆ ಮಾಡಿದರು. ಯಾರೂ ಕಲಿಸದ ಮಕ್ಕಳು ಹೆಚ್ಚು ಹುಡುಕಾಡಿದರು. ಇಲ್ಲಿ ಕುತೂಹಲ ಕಡಿಮೆಯಾದದ್ದು ಮಗುವಿನ ದೋಷದಿಂದಲ್ಲ, ಕಲಿಸಿದ ರೀತಿಯಿಂದ. ಕೋಣೆ ಬಿಸಿಯಾಗಿದ್ದರೆ ಥರ್ಮಾಮೀಟರನ್ನು ಕೋಣೆಯಲ್ಲಿ ತೂಗುಹಾಕಬೇಕು, ಮಗುವಿನ ಬಾಯಿಗೆ ಇಟ್ಟು ಜ್ವರ ಎನ್ನಬಾರದು.

ಇದಕ್ಕೆ ದೂರ ಹೋಗಬೇಕಿಲ್ಲ, ಪುಣೆಯಲ್ಲೇ ದಾರಿ ತೋರಿಸಿದವರಿದ್ದಾರೆ. 1988ರಲ್ಲಿ ಇಲ್ಲಿ ‘ಆಯುಕಾ’ ಖಗೋಳವಿಜ್ಞಾನ ಕೇಂದ್ರವನ್ನು ಕಟ್ಟಿದ ಜಯಂತ ನಾರಳೀಕರ್ 2025ರ ಮೇ 20ರಂದು ತೀರಿಕೊಂಡರು. ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರದಲ್ಲಿ ಹುಟ್ಟಿದವರು. ಹಸ್ತಾಕ್ಷರಕ್ಕೆ ಮುತ್ತಿಕೊಳ್ಳುತ್ತಿದ್ದ ಶಾಲಾ ಮಕ್ಕಳಿಗೆ ಅವರು ಒಂದು ಷರತ್ತು ಹಾಕುತ್ತಿದ್ದರು. ಮನೆಗೆ ಹೋಗಿ ಒಂದು ಪೋಸ್ಟ್‌ಕಾರ್ಡಿನಲ್ಲಿ ವಿಜ್ಞಾನದ ಪ್ರಶ್ನೆ ಬರೆದು ಕಳಿಸಿ, ಉತ್ತರ ಬರೆದು ಅದರ ಕೆಳಗೆ ಸಹಿ ಹಾಕುತ್ತೇನೆ ಎಂದು. ಯೋಚಿಸಿದರೆ ಎಷ್ಟು ಒಳ್ಳೆಯ ವ್ಯವಸ್ಥೆ ಅದು. ಎಲ್ಲರ ಮುಂದೆ ಕೈ ಎತ್ತಬೇಕಿಲ್ಲ. ಯೋಚಿಸಲು ಸಮಯವಿದೆ. ಅಂಕವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನೆ ಕೇಳಿದರೆ ಒಬ್ಬ ದೊಡ್ಡ ವಿಜ್ಞಾನಿ ಕೂತು ಉತ್ತರ ಬರೆಯುತ್ತಾರೆ ಎಂಬ ಭರವಸೆಯಿದೆ. ಅಲ್ಲಿ ಪರೀಕ್ಷೆಗೆ ಕೂತವರು ನಾರಳೀಕರರೇ ಹೊರತು ಮಗುವಲ್ಲ.

ಮಧ್ಯಪ್ರದೇಶದಲ್ಲಿ 1972ರಿಂದ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲೂ ಇಂಥದ್ದಿತ್ತು. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳು ‘ಸವಾಲಿರಾಮ್’ ಎಂಬ ಕಾಲ್ಪನಿಕ ವ್ಯಕ್ತಿಗೆ ತಮ್ಮ ಪ್ರಶ್ನೆಗಳನ್ನು ಪತ್ರದಲ್ಲಿ ಬರೆಯುತ್ತಿದ್ದರು, ಉತ್ತರ ಬರುತ್ತಿತ್ತು. ಆ ಕಾರ್ಯಕ್ರಮಕ್ಕೆ ಪುಣೆಯ ಕಾರ್ಖಾನೆಯ ಕೆಲಸದಿಂದ ರಜೆ ಹಾಕಿ ಹೋದ ಒಬ್ಬ ಎಂಜಿನಿಯರ್ ಅರವಿಂದ ಗುಪ್ತಾ. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಆಟಿಕೆ ಮಾಡುವುದನ್ನು ಅಲ್ಲಿ ಕಂಡುಕೊಂಡು, ಮುಂದೆ ಆಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಹಲವು ವರ್ಷ ಮಕ್ಕಳ ಜೊತೆ ಕಳೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಯಾರೂ ಮಕ್ಕಳ ಕುತೂಹಲಕ್ಕೆ ಗ್ರೇಡ್ ಕೊಡಲಿಲ್ಲ. ಕುತೂಹಲ ಹೊರಬರಲು ಜಾಗ ಮಾಡಿಕೊಟ್ಟರು.

ಹಾಗಾದರೆ ಆ ಶಿಕ್ಷಕಿಗೆ ನನ್ನ ಉತ್ತರವೇನು? ಎರಡನೇ ಅವಧಿಯ ಪಾಲಕರ ಸಭೆಯಲ್ಲಿ ಮೂರು ಮಾತು ಹೇಳಿದೆ.

ಮೊದಲನೆಯದು, ಮಗುವಿನ ಪ್ರಗತಿ ಪತ್ರದಿಂದ ಕುತೂಹಲದ ಗ್ರೇಡ್ ತೆಗೆಯಿರಿ. ಬೇಕಿದ್ದರೆ ಆ ಜಾಗದಲ್ಲಿ ಈ ಅವಧಿಯಲ್ಲಿ ಮಗು ಕೇಳಿದ ಒಂದು ಪ್ರಶ್ನೆಯನ್ನು ಹಾಗೆಯೇ ಬರೆಯಿರಿ. ಗ್ರೇಡಿಗಿಂತ ಅದು ಪಾಲಕರಿಗೆ ಹೆಚ್ಚು ಹೇಳುತ್ತದೆ.

ಎರಡನೆಯದು, ಅಳೆಯುವುದಿದ್ದರೆ ತರಗತಿಯನ್ನು ಅಳೆಯಿರಿ. ತಿಂಗಳಿಗೊಮ್ಮೆ ಒಂದು ಪೀರಿಯಡ್ಡಿನಲ್ಲಿ ಶಿಕ್ಷಕಿ ಎಷ್ಟು ಪ್ರಶ್ನೆ ಕೇಳಿದರು, ಮಕ್ಕಳು ಎಷ್ಟು ಕೇಳಿದರು, ಎಷ್ಟು ಬೇರೆ ಬೇರೆ ಮಕ್ಕಳು ಬಾಯಿ ಬಿಟ್ಟರು, ಯಾವ ಭಾಷೆಯಲ್ಲಿ ಎಂದು ಗೆರೆ ಎಳೆದು ಎಣಿಸಿದರೆ ಸಾಕು. ಆ ಸಂಖ್ಯೆ ಶಿಕ್ಷಕಿಯ ಕೈಯಲ್ಲೇ ಇರಲಿ. ಪ್ರಾಂಶುಪಾಲರ ಮೇಜಿಗೆ ಹೋಗಿ ಯಾವ ವಿಭಾಗ ಮೊದಲು ಎಂಬ ಪಟ್ಟಿಯಾದರೆ ಅದೂ ಟಿಕೆಟ್ಟಿನ ಕತೆಯಾಗುತ್ತದೆ. ದೋಷ ಹುಡುಕಲು ಇಟ್ಟ ಲಾಗ್ ಬೇರೆ, ಸಂಬಳ ಹೆಚ್ಚಿಸಲು ಇಟ್ಟ ಲೆಕ್ಕ ಬೇರೆ ಎಂದು ನಮ್ಮ ಉದ್ಯೋಗದವರಿಗಾದರೂ ಗೊತ್ತಿರಬೇಕು.

ಮೂರನೆಯದು, ಒಂದು ಪ್ರಶ್ನೆ ಪೆಟ್ಟಿಗೆ. ಯಾವ ಭಾಷೆ, ಯಾವ ಲಿಪಿಯಲ್ಲಾದರೂ ಚೀಟಿ ಹಾಕಬಹುದು. ವಾರಕ್ಕೊಮ್ಮೆ ಅರ್ಧ ಗಂಟೆ ಅದನ್ನು ತೆರೆಯಿರಿ. ಕನ್ನಡದ ಚೀಟಿ ಬಂದರೆ ಓದಿ ಹೇಳಲು ನನ್ನಂಥ ಪಾಲಕರಿದ್ದಾರೆ. ತೆಲುಗು, ಬಂಗಾಳಿ, ಮಲಯಾಳದವರೂ ಇದ್ದಾರೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

ಶಿಕ್ಷಕಿ ಮೊದಲ ಎರಡು ತಮ್ಮ ಕೈಯಲ್ಲಿಲ್ಲ ಎಂದರು. ಪೆಟ್ಟಿಗೆ ಮಾತ್ರ ಒಪ್ಪಿದರು. ಒಂದು ಶೂ ಡಬ್ಬಿಗೆ ಸೀಳು ಮಾಡಿ ಇಟ್ಟಿದ್ದಾರಂತೆ. ಮಗಳ ಮೊದಲ ಚೀಟಿ ಕನ್ನಡದಲ್ಲಿ ಹೋಗಿದೆ. ಏನು ಬರೆದಳೆಂದು ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ನಮ್ಮ ಮನೆಯ ಕೆಲಸ ಬೇರೆ ಇದೆ. ಫ್ರಿಜ್ಜಿನ ಮೇಲೆ ಈಗ ‘ಆಮೇಲೆ’ ಎಂಬ ಹೆಸರಿನ ಒಂದು ನೋಟ್‌ಬುಕ್ ಇದೆ. ನಾನು ‘ಆಮೇಲೆ ಹೇಳ್ತೀನಿ’ ಅಂದ ಪ್ರತಿ ಪ್ರಶ್ನೆಯನ್ನು ಅವಳು ಅದರಲ್ಲಿ ಬರೆಯುತ್ತಾಳೆ, ಕನ್ನಡದಲ್ಲೇ. ಒತ್ತಕ್ಷರ ತಪ್ಪಿರುತ್ತದೆ, ತಿದ್ದುವುದಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಬಿಡಿಸಿ ಕೂರುತ್ತೇವೆ. ನನ್ನಿಂದ ಆಗದ್ದನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದು ಬಾಗಲಕೋಟೆಯ ಅಜ್ಜನಿಗೆ ಕಳಿಸುತ್ತಾಳೆ. ನಿವೃತ್ತ ಮಾಸ್ತರರಿಗೆ ಕೆಲಸ ಸಿಕ್ಕಿದೆ. ಹೋದ ವಾರ ಅವರ ಉತ್ತರ ಬಂತು: ‘ಇದು ನನಗೂ ಗೊತ್ತಿಲ್ಲ. ರಜೆಗೆ ಬಾ, ಇಬ್ಬರೂ ನೋಡೋಣ.’ ಅವಳು ಅದನ್ನು ಮೂರು ಸಲ ಓದಿಸಿದಳು. ಅಜ್ಜನಿಗೂ ಗೊತ್ತಿಲ್ಲದ್ದು ಇದೆ ಎಂಬುದೇ ಅವಳಿಗೆ ದೊಡ್ಡ ಸುದ್ದಿ.

ನಿಮ್ಮ ಮಗುವಿನ ಪ್ರಗತಿ ಪತ್ರದಲ್ಲೂ ಇಂಥದ್ದೊಂದು ಕಾಲಂ ಇರಬಹುದು. ಅದರಲ್ಲಿ ಎ ಇದ್ದರೆ ಹಿಗ್ಗಬೇಡಿ, ಸಿ ಇದ್ದರೆ ಮಗುವನ್ನು ಕೂರಿಸಿ ಬುದ್ಧಿ ಹೇಳಬೇಡಿ. ಇಂದು ಸಂಜೆ ಮನೆಗೆ ಹೋದ ಮೇಲೆ ಮಲಗುವ ಹೊತ್ತಿನವರೆಗೆ ನೀವು ಎಷ್ಟು ಸಲ ‘ಆಮೇಲೆ’ ಅಂದಿರಿ ಎಂದು ಎಣಿಸಿ ನೋಡಿ. ಮಗುವಿಗೆ ಕಾಣದ ಹಾಗೆ ಎಣಿಸಿ.